ವೈದ್ಯ–ರೋಗಿ ಸಂವಾದ

ರೋಗಿ ತನ್ನ ಬಾಧೆಯನ್ನು ಹೇಳಿಕೊಳ್ಳುವುದು. ವೈದ್ಯರು ಕೇಳಿಸಿಕೊಂಡು ರೋಗ, ಔಷಧಿ, ಪಥ್ಯಗಳನ್ನು ರೋಗಿಗೆ ತಿಳಿಯುವ ಮಾತಿನಲ್ಲಿ ವಿವರಿಸುವುದು. ಕರ್ನಾಟಕದಲ್ಲಿ ಇದರ ಮೊದಲ ತೊಡಕು ಭಾಷೆ: ವೈದ್ಯರು ಓದಿದ್ದು ಇಂಗ್ಲಿಷಿನಲ್ಲಿ, ರೋಗಿ ನರಳುವುದು ಮನೆಮಾತಿನಲ್ಲಿ.

ಆ ಮನೆಮಾತು ಎಲ್ಲೆಡೆ ಕನ್ನಡವೇ ಅಲ್ಲ: ತರೀಕೆರೆ, ಕಡೂರು, ಅಜ್ಜಂಪುರ ಸೀಮೆಯ ತಾಂಡಾಗಳಲ್ಲಿ ಅದು ಲಂಬಾಣಿ. ಅಜ್ಜಿಯ ಮಾತನ್ನು ಮೊಮ್ಮಗ ಕನ್ನಡಕ್ಕೆ ತಿರುಗಿಸಿ ಹೇಳಬೇಕಾದಾಗ ಮುಟ್ಟಿನ, ಮೂತ್ರದ ತೊಂದರೆಗಳು ನಾಚಿಕೆಯಲ್ಲೇ ಉಳಿದುಬಿಡುತ್ತವೆ. ಇಂಥಲ್ಲಿ ಅದೇ ತಾಂಡಾದ ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಮಾತು ಹೊರಬರುತ್ತದೆ.

ಜನರ ರೋಗಪದಗಳೂ ಪಠ್ಯಪುಸ್ತಕದ ಪದಗಳೂ ಒಂದಕ್ಕೊಂದು ಹೊಂದುವುದಿಲ್ಲ. ‘ಸುಸ್ತು’ ರಕ್ತಹೀನತೆಯಾಗಿರಬಹುದು, ಸಕ್ಕರೆ ಕಾಯಿಲೆಯಾಗಿರಬಹುದು, ಖಿನ್ನತೆಯೂ ಆಗಿರಬಹುದು. ‘ಉಷ್ಣ’ ಬಾಯಿಹುಣ್ಣಿಗೂ ಸಲ್ಲುತ್ತದೆ, ಉರಿಮೂತ್ರಕ್ಕೂ ಸಲ್ಲುತ್ತದೆ. ಎಲ್ಲಕ್ಕಿಂತ ಅಪಾಯದ್ದು ‘ಗ್ಯಾಸ್ಟ್ರಿಕ್’: ಹೃದಯಾಘಾತದ ಎದೆನೋವನ್ನೂ ಹಲವರು ಹೀಗೇ ಕರೆದು ಸೋಡಾ ಕುಡಿದು ಮಲಗುತ್ತಾರೆ. ‘ಬೆವರು ಬಂತೇ? ನೋವು ತೋಳಿಗೆ, ದವಡೆಗೆ ಹಬ್ಬಿತೇ?’ ಎಂಬ ಮರುಪ್ರಶ್ನೆ ಜೀವ ಉಳಿಸಬಲ್ಲದು. ರೋಗಿ ಹೇಳಿ ಮುಗಿಸುವ ಮೊದಲೇ ಬಾಯಿ ಹಾಕಿದರೆ ಆ ಪ್ರಶ್ನೆಗೆ ದಾರಿಯೇ ಇರುವುದಿಲ್ಲ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಅಳೆದಾಗ, ವೈದ್ಯರು ಸರಾಸರಿ 18 ಸೆಕೆಂಡಿಗೇ ರೋಗಿಯ ಮಾತನ್ನು ತಡೆದಿದ್ದರು.

ಬಾಯಿಬಿಟ್ಟು ಕೇಳಲಾಗದ್ದನ್ನು ಕನ್ನಡದಲ್ಲಿ ಪುಸ್ತಕಗಳು ಹೇಳಿದವು. ವೈದ್ಯೆ, ಕಾದಂಬರಿಕಾರ್ತಿ ಅನುಪಮಾ ನಿರಂಜನ ಅವರ ‘ತಾಯಿ ಮಗು’, ‘ಕೇಳು ಕಿಶೋರಿ’ ಈ ಬಗೆಯವು. ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಮನೋರೋಗಗಳ ಕುರಿತು ಹಾಗೆಯೇ ಸರಳವಾಗಿ ಬರೆದರು.

ತಿಳಿಯುವಂತೆ ಹೇಳುವುದು ಕಾನೂನಿನ ಕಟ್ಟಳೆಯೂ ಹೌದು. ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್, ಚಿಕಿತ್ಸೆಯ ಸ್ವರೂಪ, ಅಪಾಯ, ಪರ್ಯಾಯಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ವಿಧಿಸಿತು. ಅರ್ಥವಾಗದ ಭಾಷೆಯ ಹಾಳೆಗೆ ಒತ್ತಿಸಿಕೊಂಡ ಹೆಬ್ಬೆಟ್ಟನ್ನು ಒಪ್ಪಿಗೆ ಎನ್ನಲಾಗದು. 2019ರಿಂದ ಎಂಬಿಬಿಎಸ್ ಪಠ್ಯದಲ್ಲಿ ಸಂವಹನ ಕಲಿಕೆಯೂ ಆರಂಭದಲ್ಲಿ ಸ್ಥಳೀಯ ಭಾಷೆಯ ಪರಿಚಯವೂ ಸೇರಿವೆ. ಅಷ್ಟು ಕನ್ನಡ ‘ಎಲ್ಲಿ ನೋವು?’ ಎಂದು ಕೇಳಲು ಸಾಕು, ಉತ್ತರ ಅರಿಯಲು ಸಾಲದು.

ಅತಿ ಸುಲಭದ ಸುಧಾರಣೆಯೆಂದರೆ ಮರುಹೇಳಿಕೆ: ‘ತಿಳಿಯಿತೇ?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಮನೆಗೆ ಹೋಗಿ ಮಾತ್ರೆ ಹೇಗೆ ತಗೋತೀರಿ, ಹೇಳಿ’ ಎಂದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಔಷಧಿ ಚೀಟಿ ಕನ್ನಡದಲ್ಲಿರಬೇಕೆಂಬ ಬೇಡಿಕೆ 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದಿಂದಲೂ ಬಂತು. ಔಷಧಿಯ ಹೆಸರು ಹೇಗಿದ್ದರೂ, ‘1-0-1’ರ ಪಕ್ಕದಲ್ಲಿ ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟವಾದ ಮೇಲೆ’ ಎಂದಿರಲೇಬೇಕು. ಓದು ಬಾರದವರಿಗೆ ಅಲ್ಲೇ ಒಂದು ಸೂರ್ಯ, ಒಂದು ಚಂದ್ರ.