ಕಾಯುವವನ ಹೆಸರು, ಕಾವಲಿನ ಊರು

ಹೈದರಾಬಾದಿನ ಮಾದಾಪುರದಲ್ಲಿ ಮೆಟ್ರೋ ಹತ್ತಿ ನೀಲಿ ಮಾರ್ಗದಲ್ಲಿ ಪೂರ್ವಕ್ಕೆ ಹೊರಟರೆ ಅಮೀರ್‌ಪೇಟೆ, ಬೇಗಂಪೇಟೆ, ಪ್ಯಾರಡೈಸ್ ದಾಟಿ ಸಿಕಂದರಾಬಾದ್ ಸಿಗುತ್ತದೆ. ತೆಲುಗು ಫಲಕದಲ್ಲಿ ಅದು ಸಿಕಿಂದ್ರಾಬಾದ್. ಊರಿನ ಹೆಸರಲ್ಲಿರುವ ಸಿಕಂದರ್ ಗ್ರೀಕರ ಅಲೆಕ್ಸಾಂಡರನೇ ಎಂದು ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. ಆದರೆ ಆ ಮೆಸಿಡೋನಿಯಾದ ಅರಸ ಕ್ರಿ.ಪೂ. 326ರಲ್ಲಿ ಬಿಯಾಸ್ ನದಿಯ ದಡದಿಂದಲೇ ಹಿಂದಿರುಗಿದವನು. ವಿಂಧ್ಯದ ಈಚೆಗೆ ಅವನು ಬರಲಿಲ್ಲ. ಅವನ ಹೆಸರು ಯಾರ ಕೈಹಿಡಿದು ಇಲ್ಲಿಗೆ ಬಂತು? ಬಂದ ಮೇಲೆ ಯಾರ ಪಾಲಾಯಿತು? ಈ ಕುತೂಹಲದ ಜಾಡು ಹಿಡಿದು ಹೊರಟಾಗ ದಾಖಲೆಗಳು ಎಳೆದೊಯ್ದದ್ದು ಟ್ರಾಯ್ ನಗರದವರೆಗೆ, ಅಲ್ಲಿಂದ ಬಳ್ಳಾರಿಗೆ.

ಹತ್ತಿರದ ದಾಖಲೆಯಿಂದಲೇ ಶುರುಮಾಡೋಣ. ಹುಸೇನ್ ಸಾಗರದ ಈಶಾನ್ಯಕ್ಕೆ ಬೀಡುಬಿಟ್ಟಿದ್ದ ಇಂಗ್ಲಿಷ್ ಕಂಪನಿಯ ದಂಡಿನ ನೆಲೆಗೆ ಸಿಕಂದರಾಬಾದ್ ಎಂಬ ಹೆಸರು ಬಂದದ್ದು 1806ರಲ್ಲಿ. ಆಗ ಹೈದರಾಬಾದಿನ ನಿಜಾಮರ ಪಟ್ಟದಲ್ಲಿದ್ದವನು ಮೂರನೆಯ ಆಸಫ್ ಜಾ, 1803ರಿಂದ 1829ರವರೆಗೆ ಆಳಿದ ಸಿಕಂದರ್ ಜಾ. ಅವನ ಸ್ವಂತ ಹೆಸರು ಮೀರ್ ಅಕ್ಬರ್ ಅಲಿ ಖಾನ್. ‘ಸಿಕಂದರ್ ಜಾ’ ಎಂಬುದು ಸಿಕಂದರನಷ್ಟು ಮಹಿಮೆಯುಳ್ಳವನು ಎಂದು ಸಾರುವ ಬಿರುದು. ವಂಶಕ್ಕೆ ಬಂದ ‘ಆಸಫ್ ಜಾ’ ಎಂಬ ಬಿರುದು ಕೂಡ ಹೀಗೆಯೇ ದಂತಕಥೆಯದು: ಆಸಫನೆಂದರೆ ಸುಲೇಮಾನ್ ದೊರೆಯ ಮಂತ್ರಿ. ಅಂದಮೇಲೆ ಹೈದರಾಬಾದಿನ ಅರಮನೆಗೆ ಅಲೆಕ್ಸಾಂಡರ್ ಬಂದದ್ದು ಗ್ರೀಕರ ಇತಿಹಾಸದಿಂದಲ್ಲ, ಪಾರಸಿ ಕಾವ್ಯದಿಂದ. ನಿಜಾಮಿ ಗಂಜವಿ ಬರೆದ ‘ಇಸ್ಕಂದರ್‌ನಾಮಾ’, ದಿಲ್ಲಿಯ ಅಮೀರ್ ಖುಸ್ರೋ ಬರೆದ ‘ಆಯೀನಾ-ಇ-ಸಿಕಂದರಿ’ ದರ್ಬಾರುಗಳ ಮಾತಾಗಿದ್ದವು.

ಹೆಸರು ರೂಪ ಬದಲಿಸಿದ ಬಗೆಯೂ ಸ್ವಾರಸ್ಯದ್ದು. ಗ್ರೀಕ್‌ನ ‘ಅಲೆಕ್ಸಾಂಡ್ರೋಸ್’ ಅರಬರ ಕಿವಿಗೆ ಬಿದ್ದಾಗ ಮೊದಲ ‘ಅಲ್’ ತಮ್ಮ ಭಾಷೆಯ ಉಪಪದದಂತೆ ಕೇಳಿಸಿತು. ಉಳಿದ ಭಾಗದಲ್ಲಿ ‘ಕ್ಸ’ ತಿರುಗಿ ‘ಸ್ಕ’ ಆಗಿ ಅಲ್-ಇಸ್ಕಂದರ್ ಆಯಿತು. ಪಾರಸಿಯಲ್ಲಿ ಉಪಪದ ಬಿದ್ದು ಇಸ್ಕಂದರ್, ಸಿಕಂದರ್ ಉಳಿದವು. ನಮ್ಮ ಸ್ಕಂದನೇ ಇಸ್ಕಂದರನಾದ, ಅಥವಾ ಇಸ್ಕಂದರನೇ ಸ್ಕಂದನಾದ ಎಂದು ವಾದಿಸಿದವರೂ ಇದ್ದಾರೆ. ಛಾಂದೋಗ್ಯ ಉಪನಿಷತ್ತು ಸನತ್ಕುಮಾರನನ್ನು ಸ್ಕಂದನೆಂದು ಕರೆಯುತ್ತದೆ. ಪಾರಸಿಯ ಈ ರೂಪ ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಆ ದೇವರ ಹೆಸರು ಇಲ್ಲಿತ್ತು. ಉಚ್ಚಾರ ಕೂಡಿಬಂದ ಮಾತ್ರಕ್ಕೆ ನಂಟು ಕೂಡುವುದಿಲ್ಲ.

ಹಾಗಿದ್ದರೆ ಪಾರಸಿಗಿಂತ ಮೊದಲು ಈ ಹೆಸರು ಭಾರತದ ಕಲ್ಲುಗಳಲ್ಲಿ ಇದೆಯೇ? ಇದೆ. ಅಶೋಕನ 13ನೆಯ ಬಂಡೆ ಶಾಸನ ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಹೇಳಿ, ಧರ್ಮವಿಜಯ ತಲುಪಿದ ಐವರು ಯವನ ಅರಸರನ್ನು ಹೆಸರಿಸುತ್ತದೆ. ಕೊನೆಯವನು ಶಹಬಾಜ್‌ಗಢಿಯ ಖರೋಷ್ಠಿ ಪಾಠದಲ್ಲಿ ‘ಅಲಿಕಸುದರೋ’, ಕಾಲ್ಸಿಯ ಬ್ರಾಹ್ಮಿ ಪಾಠದಲ್ಲಿ ರಕಾರ ಲಕಾರವಾಗಿ ‘ಅಲಿಕ್ಯಷುದಲೇ’. ಇವನು ಜಗಜ್ಜೇತನಲ್ಲ, ಅವನಿಗಿಂತ ಎರಡು ಮೂರು ತಲೆಮಾರು ಈಚಿನವನು. ಎಪಿರಸ್‌ನ ಅಲೆಕ್ಸಾಂಡರನೋ ಕೊರಿಂಥದ ಅಲೆಕ್ಸಾಂಡರನೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಕನ್ನಡ ನಾಡಿನ ಕಲ್ಲಿನಲ್ಲೂ ಈ ಹೆಸರು ಸಿಕ್ಕೀತೆಂದು ಆಸೆ ಹುಟ್ಟುವುದು ಸಹಜ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಗುಡಿಯಲ್ಲಿ, ವಿಗ್ರಹದ ಪೀಠವಾಗಿದ್ದ ಕಲ್ಲುಚಪ್ಪಡಿಯ ಮೇಲೆ ಅಶೋಕನ ಬರಹ 1989ರಲ್ಲಿ ಬೆಳಕಿಗೆ ಬಂತು. ಅಲ್ಲಿ 12ನೆಯ ಶಾಸನವಿದೆ, 14ನೆಯದಿದೆ, ಕಳಿಂಗದಲ್ಲಿ ಕಂಡಂಥ ಎರಡು ಪ್ರತ್ಯೇಕ ಶಾಸನಗಳಿವೆ. ಯವನರ ಹೆಸರುಗಳಿರುವ 13ನೆಯದು ಮಾತ್ರ ಇಲ್ಲ. ನಿಜಾಮರ ರಾಜ್ಯದಲ್ಲಿದ್ದ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡದ್ದು ಕಿರು ಶಾಸನ. ಅದರ ಹಿರಿಮೆ ಅಶೋಕ ಎಂಬ ಹೆಸರಿನದು, ಅಲೆಕ್ಸಾಂಡರನದಲ್ಲ.

ಕಲ್ಲು ಕೊಡದಿದ್ದುದನ್ನು ನಾಣ್ಯ ಕೊಟ್ಟಿತು. ಅಲಾವುದ್ದೀನ್ ಖಿಲ್ಜಿ ತನ್ನ ನಾಣ್ಯಗಳ ಮೇಲೆ ‘ಎರಡನೆಯ ಸಿಕಂದರ್’ ಎಂದು ಅಚ್ಚು ಹಾಕಿಸಿದ. 1311ರಲ್ಲಿ ಹೊಯ್ಸಳರ ದೋರಸಮುದ್ರದ ಮುಂದೆ ಬಂದು ನಿಂತದ್ದು ಈ ಎರಡನೆಯ ಸಿಕಂದರನ ಸೇನೆ. ಈ ಬಿರುದಿನಲ್ಲಿದ್ದುದು ದಿಗ್ವಿಜಯದ ಹಂಬಲ.

ಆಮೇಲೆ ಕನ್ನಡ ನೆಲದಲ್ಲೇ ಒಬ್ಬ ಸಿಕಂದರ್ ಪಟ್ಟಕ್ಕೆ ಬಂದ. 1672ರಲ್ಲಿ ಬಿಜಾಪುರದ ಗದ್ದುಗೆಯ ಮೇಲೆ ಕೂರಿಸಿದಾಗ ಸಿಕಂದರ್ ಆದಿಲ್ ಶಾ ಇನ್ನೂ ಎಳೆಯ ಮಗು. ಖವಾಸ್ ಖಾನ್, ಬಹಲೋಲ್ ಖಾನ್, ಸಿದ್ದಿ ಮಸೂದ್ ಒಬ್ಬರಾದ ಮೇಲೊಬ್ಬರು ಅವನ ಹೆಸರಿನಲ್ಲಿ ಆಡಳಿತ ನಡೆಸಿದರು. 1686ರ ಸೆಪ್ಟೆಂಬರಿನಲ್ಲಿ ಕೋಟೆ ಔರಂಗಜೇಬನ ವಶವಾಯಿತು, ಹದಿಹರೆಯದ ಸುಲ್ತಾನ ಸೆರೆಯಾದ. ಮರುವರ್ಷ ಗೋಲ್ಕೊಂಡ ಬಿತ್ತು.

ಇಲ್ಲಿಗೆ ಬರುವಾಗ ಹೆಸರಿನ ಅರ್ಥ ಚುಚ್ಚತೊಡಗುತ್ತದೆ. ಗ್ರೀಕ್‌ನಲ್ಲಿ ‘ಅಲೆಕ್ಸೊ’ ಎಂದರೆ ಕಾಯುವುದು, ‘ಅನೇರ್’ ಎಂದರೆ ಗಂಡಸು. ಜನರನ್ನು ಕಾಯುವವನೇ ಅಲೆಕ್ಸಾಂಡರ್. ಬಿಜಾಪುರದ ಸಿಕಂದರನನ್ನು ಬೇರೆಯವರು ಕಾಯಬೇಕಿತ್ತು, ಅವರು ಕಾಯಲಿಲ್ಲ. ಹೈದರಾಬಾದಿನ ಸಿಕಂದರನನ್ನು ಕಾಯಲು ಬಂದವರು ಬಾಡಿಗೆ ಕೇಳಿದರು.

ಆ ಬಾಡಿಗೆಯ ಲೆಕ್ಕ ಕಾಗದದ ಮೇಲೆ ಸ್ಪಷ್ಟವಾಗಿದೆ. 1798ರ ಒಪ್ಪಂದದಿಂದ ಸಿಕಂದರ್ ಜಾನ ತಂದೆ ನಿಜಾಮ್ ಅಲಿ ಖಾನ್ ಸಹಾಯಕ ಸೈನ್ಯ ಪದ್ಧತಿಗೆ ಒಳಪಟ್ಟ. ರಾಜ್ಯದ ರಕ್ಷಣೆ ಕಂಪನಿಯ ದಂಡಿನದು, ಖರ್ಚು ನಿಜಾಮನದು. 1800ರ ಒಪ್ಪಂದದಲ್ಲಿ ಆ ಖರ್ಚಿಗೆಂದು ನೆಲವನ್ನೇ ಬಿಟ್ಟುಕೊಟ್ಟ. 1792 ಮತ್ತು 1799ರಲ್ಲಿ ಟಿಪ್ಪುವಿನಿಂದ ಕಸಿದು ತಾನು ಪಡೆದಿದ್ದ ಸೀಮೆ ಅದು: ಬಳ್ಳಾರಿ, ಕಡಪ ಮತ್ತು ಸುತ್ತಲ ಪ್ರದೇಶ. ದತ್ತ ಮಂಡಲ ಎಂದು ಹೆಸರಾದ ಅಲ್ಲಿ ಕಂದಾಯ ಕಟ್ಟಲು ಹೋದವನು ಥಾಮಸ್ ಮನ್ರೋ. ಅಂದರೆ ಸಿಕಂದರಾಬಾದಿನ ಬ್ಯಾರಕ್ಕುಗಳ ಸಂಬಳಕ್ಕೆ ಬಳ್ಳಾರಿಯ ರೈತನ ಬೆಳೆ ಅಡವಾಯಿತು.

ಈ ಎರಡು ಒಪ್ಪಂದಗಳನ್ನೂ ಕುದುರಿಸಿದ, ಕಂಪನಿಯ ಪ್ರತಿನಿಧಿಯಾದ ರೆಸಿಡೆಂಟನ ಪೂರ್ಣ ಹೆಸರು ಕಂಡಾಗ ನಗು ತಡೆಯಲಾಗಲಿಲ್ಲ: ಜೇಮ್ಸ್ ಅಕಿಲೀಸ್ ಕಿರ್ಕ್‌ಪ್ಯಾಟ್ರಿಕ್. ಕೋಠಿಯ ರೆಸಿಡೆನ್ಸಿ ಭವನ ಕಟ್ಟಿಸಿದವನು, ಖೈರುನ್ನೀಸಾ ಎಂಬುವಳನ್ನು ಮದುವೆಯಾದವನು, 1805ರಲ್ಲಿ ಕಲಕತ್ತೆಯಲ್ಲಿ ತೀರಿಕೊಂಡವನು. ಗ್ರೀಕರ ಕತೆಯಲ್ಲಿ ಟ್ರಾಯ್‌ನ ರಾಜಕುಮಾರ ಪ್ಯಾರಿಸನಿಗೆ ಅಲೆಕ್ಸಾಂಡ್ರೋಸ್ ಎಂಬ ಇನ್ನೊಂದು ಹೆಸರಿದೆ. ಅವನ ಬಾಣಕ್ಕೇ ವೀರ ಅಕಿಲೀಸ್ ಬಲಿಯಾಗುವುದು. ಹೈದರಾಬಾದಿನಲ್ಲಿ ಗೆಲುವು ಅಕಿಲೀಸನ ಕಡೆಗಿತ್ತು.

ಟ್ರಾಯ್‌ನ ಮಾತು ಬಂದದ್ದರಿಂದ ಹೆಸರಿನ ಅತಿ ಹಳೆಯ ದಾಖಲೆಗಳನ್ನೂ ನೋಡಬೇಕು. ಮೈಸೀನೆಯಲ್ಲಿ ಸಿಕ್ಕ ಕ್ರಿ.ಪೂ. 13ನೆಯ ಶತಮಾನದ ಮಣ್ಣಿನ ಫಲಕವೊಂದರಲ್ಲಿ ‘ಅ-ರೆ-ಕ-ಸ-ದ-ರ’ ಎಂಬ ಹೆಣ್ಣಿನ ಹೆಸರಿದೆ, ಅದು ಅಲೆಕ್ಸಾಂಡ್ರಾ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಈಗಿನ ತುರ್ಕಿಯಲ್ಲಿ ಆಳುತ್ತಿದ್ದ ಹಿಟೈಟ್ ದೊರೆ ಎರಡನೆಯ ಮುವತಲ್ಲಿ, ವಿಲುಸಾದ ಅಲಕ್ಸಂದು ಎಂಬ ಅರಸನೊಂದಿಗೆ ಒಪ್ಪಂದ ಮಾಡಿಕೊಂಡ. ವಿಲುಸಾ ಎಂದರೆ ಟ್ರಾಯ್ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ, ಅಲಕ್ಸಂದು ಎಂದರೆ ಅಲೆಕ್ಸಾಂಡ್ರೋಸ್. ಒಪ್ಪಂದದ ತಿರುಳು ಇಷ್ಟು: ನಿನ್ನನ್ನು ನಾನು ಕಾಯುತ್ತೇನೆ, ನಾನು ಕರೆದಾಗ ನಿನ್ನ ಸೈನ್ಯ ಬರಬೇಕು. ಮೆಸಿಡೋನಿಯಾದವನು ಹುಟ್ಟುವುದಕ್ಕೆ ಒಂಬತ್ತು ಶತಮಾನ ಮೊದಲೇ ಈ ಹೆಸರಿನ ಅರಸನೊಬ್ಬ ದೊಡ್ಡವರ ರಕ್ಷಣೆಗೆ ಸಹಿ ಹಾಕಿದ್ದ.

ಹಿಂದಿ ಸಿನಿಮಾದ ದಯೆಯಿಂದ ಗೆದ್ದವನೇ ಸಿಕಂದರ್ ಎಂಬ ಮಾತು ಎಲ್ಲರ ಬಾಯಲ್ಲಿದೆ. ದಖ್ಖನಿನ ದಾಖಲೆಗಳು ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಅವು ಹೇಳುವುದು ಕಾವಲಿನ ಕ್ರಯದ ಕತೆ, ಅದನ್ನು ತೆತ್ತವರ ಕತೆ. ಅದನ್ನು ಪೂರ್ತಿ ಬರೆಯಬೇಕೆನ್ನುವವರು ನೀಲಿ ಮಾರ್ಗದಲ್ಲಿ ಇನ್ನಷ್ಟು ಮುಂದೆ ಹೋಗಿ ತಾರ್ನಾಕದ ಪತ್ರಾಗಾರದಲ್ಲಿ ಪಾರಸಿ ಕಾಗದಗಳನ್ನು ನೋಡಿದರಷ್ಟೇ ಸಾಲದು, ಬಳ್ಳಾರಿಯ ಕಂದಾಯದ ಕಡತಗಳನ್ನೂ ಬಿಚ್ಚಬೇಕು.