ಹೆಪ್ಪುಗಟ್ಟುವ ರಕ್ತಕ್ಕೊಂದು ಅಳತೆಗೋಲು

ನಿಮ್ಮ ಮನೆಯಲ್ಲಿ ಯಾರಾದರೂ ವಾರ್ಫರಿನ್ ಮಾತ್ರೆ ಸೇವಿಸುತ್ತಿದ್ದರೆ ಐಎನ್‌ಆರ್ ಎಂಬ ಸಂಖ್ಯೆ ನಿಮಗೆ ಪರಿಚಿತ. ಅದು ತೀರ ಕಡಿಮೆಯಾದರೆ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಭಯ. ತೀರ ಹೆಚ್ಚಾದರೆ ರಕ್ತಸ್ರಾವದ ಭಯ. ಬೆರಳಿನ ಒಂದು ತೊಟ್ಟು ರಕ್ತದಿಂದ ಮನೆಯಲ್ಲೇ ಇದನ್ನು ಅಳೆಯುವ ಉಪಕರಣಗಳಿವೆ. ಅವನ್ನು ಎಷ್ಟು ನಂಬಬಹುದು? ಉತ್ತರಕ್ಕಾಗಿ ಈ ಅಳತೆಯ ಇತಿಹಾಸವನ್ನು ನೋಡಬೇಕು.

1935ರಲ್ಲಿ ಅಮೆರಿಕದ ಆರ್ಮಂಡ್ ಕ್ವಿಕ್ ಪ್ರೋತ್ರಾಂಬಿನ್ ಕಾಲದ ಪರೀಕ್ಷೆಯನ್ನು ರೂಪಿಸಿದರು. ಪ್ಲಾಸ್ಮಕ್ಕೆ ಮೊಲದ ಮಿದುಳಿನಿಂದ ತೆಗೆದ ಥ್ರಾಂಬೊಪ್ಲಾಸ್ಟಿನ್ ಮತ್ತು ಕ್ಯಾಲ್ಸಿಯಂ ಸೇರಿಸಿ, ಅದು ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕೆಂದು ಎಣಿಸುವುದು ಇದರ ಕ್ರಮ. ಆದರೆ ಥ್ರಾಂಬೊಪ್ಲಾಸ್ಟಿನ್ ಬದಲಾದರೆ ಸೆಕೆಂಡುಗಳೂ ಬದಲಾಗುತ್ತಿದ್ದವು. ಒಂದೇ ರಕ್ತ, ಎರಡು ಪ್ರಯೋಗಾಲಯ, ಎರಡು ಉತ್ತರ! ಮಾತ್ರೆಯ ಪ್ರಮಾಣವೂ ಅದಕ್ಕೆ ತಕ್ಕಂತೆ ಏರುಪೇರಾಗುತ್ತಿತ್ತು.

1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ಪರಿಹಾರ ಸೂಚಿಸಿತು. ಪ್ರತಿಯೊಂದು ಥ್ರಾಂಬೊಪ್ಲಾಸ್ಟಿನ್ನನ್ನೂ ಅಂತರರಾಷ್ಟ್ರೀಯ ಮಾನಕದೊಡನೆ ಹೋಲಿಸಿ ಅದಕ್ಕೊಂದು ಸಂವೇದನಾಂಕ ಕೊಡಬೇಕು. ರೋಗಿಯ ಕಾಲವನ್ನು ಆರೋಗ್ಯವಂತರ ಸರಾಸರಿ ಕಾಲದಿಂದ ಭಾಗಿಸಿ, ಬಂದ ಭಾಗಲಬ್ಧವನ್ನು ಆ ಅಂಕದ ಘಾತಕ್ಕೆ ಏರಿಸಿದರೆ ಸಿಗುವುದೇ ಐಎನ್‌ಆರ್. ಭಾಗಲಬ್ಧ 1.5 ಎನ್ನೋಣ. ಅಂಕ 1 ಆದರೆ ಐಎನ್‌ಆರ್ 1.5, ಅಂಕ 2 ಆದರೆ 2.25. ಅಂಕ ತಪ್ಪಿದರೆ ಐಎನ್‌ಆರ್ ಕೂಡ ತಪ್ಪುತ್ತದೆ.

ಮನೆಯ ಉಪಕರಣವೂ ಇದಕ್ಕೆ ಹೊರತಲ್ಲ. 2018ರಲ್ಲಿ ಕೋಅಗುಚೆಕ್ ಉಪಕರಣದ ಕೆಲವು ಪರೀಕ್ಷಾ ಪಟ್ಟಿಗಳನ್ನು ಹಿಂದಕ್ಕೆ ಪಡೆಯಲಾಯಿತು. ಹೊಸ ಮಾನಕಕ್ಕೆ ಹೊಂದಿಸಿದ್ದ ಆ ಪಟ್ಟಿಗಳು, ಐಎನ್‌ಆರ್ ಹೆಚ್ಚಿರುವಾಗ ಪ್ರಯೋಗಾಲಯಕ್ಕಿಂತಲೂ ಹೆಚ್ಚು ತೋರಿಸುತ್ತಿದ್ದವು. ಅದನ್ನು ನಂಬಿ ಮಾತ್ರೆಯನ್ನು ಅತಿಯಾಗಿ ಇಳಿಸಿದರೆ ರಕ್ತ ಹೆಪ್ಪುಗಟ್ಟೀತು.

ಹಾಗೆಂದು ಉಪಕರಣವನ್ನು ಮೂಲೆಗಿಡಬೇಕಿಲ್ಲ. ಆಗಾಗ ಪ್ರಯೋಗಾಲಯದ ಫಲಿತಾಂಶದೊಡನೆ ಹೋಲಿಸಿ ನೋಡಿ. ಅನಿರೀಕ್ಷಿತ ಸಂಖ್ಯೆ ಬಂದರೆ ತಡಮಾಡದೆ ವೈದ್ಯರನ್ನು ಕೇಳಿ, ಪ್ರಯೋಗಾಲಯದಲ್ಲೂ ಪರೀಕ್ಷಿಸಿಕೊಳ್ಳಿ; ಮಾತ್ರೆಯನ್ನು ನೀವಾಗಿಯೇ ಬದಲಿಸಬೇಡಿ.