ಕಪ್ಪುಗೆರೆಗಳು ಹೇಳುವುದೇನು?

ಭಾಲ್ಕಿಯ ಯಾವುದೇ ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣವೊಂದನ್ನು ಕೊಂಡು ತಿರುಗಿಸಿ ನೋಡಿ. ಒತ್ತೊತ್ತಾಗಿ ನಿಂತ ಕಪ್ಪುಗೆರೆಗಳೂ ಅವುಗಳ ಕೆಳಗೆ 13 ಅಂಕಿಗಳೂ ಕಾಣುತ್ತವೆ. ಮೊದಲ ಮೂರು ಅಂಕಿಗಳು 890 ಆಗಿದ್ದರೆ ವಸ್ತು ನಮ್ಮ ದೇಶದಲ್ಲಿ ತಯಾರಾದದ್ದು, ಇಲ್ಲದಿದ್ದರೆ ಹೊರದೇಶದ್ದು ಎಂಬ ನಂಬಿಕೆ ಅನೇಕರಲ್ಲಿದೆ. ಬೆಲೆಯೂ ಗುಣಮಟ್ಟವೂ ಆ ಗೆರೆಗಳಲ್ಲೇ ಅಡಗಿವೆ ಎಂದು ತಿಳಿದವರೂ ಉಂಟು. ಇವು ಯಾವುವೂ ನಿಜವಲ್ಲ. ಹಾಗಾದರೆ ಈ ಬಾರ್‌ಕೋಡ್ ಹೇಳುವುದಾದರೂ ಏನನ್ನು?

ವ್ಯಾಪಾರದಲ್ಲಿ ಸಂಕೇತಗಳು ಹೊಸವಲ್ಲ. ದನದ ಸಂತೆಯಲ್ಲಿ ದಲಾಲಿಗಳು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಜವಳಿ ಅಂಗಡಿಯವರು ಅಸಲು ಬೆಲೆಯನ್ನು ಅಂಕಿಗಳ ಬದಲು ಅಕ್ಷರಗಳಲ್ಲಿ ಚೀಟಿಯ ಮೇಲೆ ಬರೆದಿಡುತ್ತಿದ್ದರು. ಅವು ಬೆಲೆಯನ್ನು ಗಿರಾಕಿಯಿಂದ ಮರೆಮಾಡುವ ಗುರುತುಗಳು. ಬಾರ್‌ಕೋಡ್ ಹುಟ್ಟಿದ್ದು ಬೇರೆಯೇ ತೊಂದರೆಯಿಂದ.

ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಒಂದೊಂದೇ ವಸ್ತುವಿನ ಬೆಲೆಯನ್ನು ಕೈಯಿಂದ ಯಂತ್ರಕ್ಕೆ ಒತ್ತುವಷ್ಟರಲ್ಲಿ ಗಿರಾಕಿಗಳ ಸಾಲು ಬೆಳೆಯುತ್ತಿತ್ತು. ಇದಕ್ಕೆ ಪರಿಹಾರ ಹುಡುಕಿಕೊಡಿ ಎಂದು ಅಂಗಡಿಗಳ ಮುಖ್ಯಸ್ಥರೊಬ್ಬರು 1948ರಲ್ಲಿ ಫಿಲಡೆಲ್ಫಿಯಾದ ಕಾಲೇಜೊಂದರಲ್ಲಿ ಕೇಳಿದರು. ಆ ಮಾತು ಬರ್ನಾರ್ಡ್ ಸಿಲ್ವರ್ ಎಂಬ ವಿದ್ಯಾರ್ಥಿಯ ಕಿವಿಗೆ ಬಿತ್ತು. ಅವರ ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲೆಂಡ್ ಕಡಲತೀರದ ಮರಳಿನಲ್ಲಿ ತಂತಿ ಸಂದೇಶದ ಚುಕ್ಕೆ-ಗೀಟುಗಳನ್ನು ಬರೆದು, ಅವುಗಳನ್ನೇ ಬೆರಳಿನಿಂದ ಕೆಳಗೆ ಎಳೆದು ಗೆರೆಗಳನ್ನಾಗಿಸಿದರು. 1952ರಲ್ಲಿ ಇಬ್ಬರಿಗೂ ಪೇಟೆಂಟ್ ದೊರೆಯಿತು. ಆದರೆ ಗೆರೆಗಳನ್ನು ಓದಬಲ್ಲ ಅಗ್ಗದ ಯಂತ್ರವಾಗಲೀ ಕಂಪ್ಯೂಟರ್ ಆಗಲೀ ಆಗ ಇರಲಿಲ್ಲ. ಐಬಿಎಂ ಸಂಸ್ಥೆಯ ಜಾರ್ಜ್ ಲಾರರ್ ರೂಪಿಸಿದ ಗೆರೆಗಳನ್ನು 1973ರಲ್ಲಿ ಅಲ್ಲಿನ ದಿನಸಿ ವ್ಯಾಪಾರಿಗಳು ಒಪ್ಪಿದರು. 1974ರ ಜೂನ್ 26ರಂದು ಓಹಿಯೊ ರಾಜ್ಯದ ಟ್ರಾಯ್ ಪಟ್ಟಣದ ಅಂಗಡಿಯಲ್ಲಿ ಚೂಯಿಂಗ್ ಗಮ್ ಪೊಟ್ಟಣವೊಂದು ಈ ರೀತಿ ಮಾರಾಟವಾಯಿತು. ಅದರ ಬೆಲೆ 67 ಸೆಂಟ್.

ಯಂತ್ರದ ಬೆಳಕು ಬಿದ್ದಾಗ ಕಪ್ಪುಗೆರೆ ಅದನ್ನು ನುಂಗುತ್ತದೆ, ಬಿಳಿಯ ಜಾಗ ಹಿಂದಕ್ಕೆ ಕಳಿಸುತ್ತದೆ. ಗೆರೆಗಳ ದಪ್ಪ-ತೆಳುವಿನಿಂದ ಯಂತ್ರ ಅಂಕಿಗಳನ್ನು ಗುರುತಿಸುತ್ತದೆ. ಕೊನೆಯ ಅಂಕಿ ತಾಳೆ ನೋಡುವುದಕ್ಕೆ. ಉದಾಹರಣೆಗೆ 890123456789 ಎಂಬ 12 ಅಂಕಿಗಳನ್ನು ತೆಗೆದುಕೊಳ್ಳಿ. 1, 3, 5ನೆಯ ಹೀಗೆ ಬೆಸ ಸ್ಥಾನದ ಅಂಕಿಗಳ ಮೊತ್ತ 28. ಸರಿ ಸ್ಥಾನದವುಗಳ ಮೊತ್ತ 34. ಅದರ ಮೂರು ಪಟ್ಟು 102. ಎರಡೂ ಸೇರಿ 130. ಇದು ಹತ್ತರಿಂದ ಪೂರ್ತಿ ಭಾಗವಾಗುವುದರಿಂದ ಹದಿಮೂರನೆಯ ಅಂಕಿ 0. ಶೇಷ ಉಳಿದಿದ್ದರೆ ಮುಂದಿನ ಹತ್ತಕ್ಕೆ ಎಷ್ಟು ಕಡಿಮೆಯೋ ಅದೇ ಕೊನೆಯ ಅಂಕಿ. ಯಂತ್ರ ಒಂದೇ ಒಂದು ಅಂಕಿಯನ್ನು ತಪ್ಪಾಗಿ ಓದಿದರೂ ಲೆಕ್ಕ ತಾಳೆಯಾಗುವುದಿಲ್ಲ.

ಇಷ್ಟಾಗಿ ಈ ಸಂಖ್ಯೆ ವಸ್ತುವಿಗೆ ಇಟ್ಟ ಹೆಸರು ಮಾತ್ರ. ಬೆಲೆ ಇರುವುದು ಅಂಗಡಿಯ ಕಂಪ್ಯೂಟರಿನಲ್ಲಿ. ಅಲ್ಲಿ ತಪ್ಪು ದರ ತುಂಬಿದ್ದರೆ ಬಿಲ್ಲೂ ತಪ್ಪಾಗುತ್ತದೆ. ಆದ್ದರಿಂದ ಗ್ರಾಹಕ ನೋಡಬೇಕಾದದ್ದು ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಯನ್ನು. ಅದಕ್ಕಿಂತ ಹೆಚ್ಚು ಕೇಳಲು ಕಾನೂನು ಬಿಡುವುದಿಲ್ಲ.

890ರ ಕಥೆಯೂ ಹೀಗೆಯೇ. ಆ ಸಂಖ್ಯೆಯನ್ನು ಕೊಡುವುದು 1996ರಲ್ಲಿ ಸ್ಥಾಪನೆಯಾದ, ಇಂದು ಜಿಎಸ್1 ಇಂಡಿಯಾ ಎಂದು ಕರೆಯಲಾಗುವ ಸಂಸ್ಥೆ. ಕಂಪನಿ ಅಲ್ಲಿ ನೋಂದಾಯಿಸಿಕೊಂಡಿದೆ ಎಂಬುದಷ್ಟೇ ಅದರ ಅರ್ಥ. ಸರಕನ್ನು ಬೇರೆ ದೇಶದಲ್ಲಿ ಮಾಡಿಸಿದರೂ 890 ಇರಬಹುದು. ಕನ್ನಡ ಪುಸ್ತಕಗಳ ಹಿಂಬದಿಯಲ್ಲಿ 978 ಎಂದಿರುತ್ತದೆ. ಅದು ಯಾವ ದೇಶದ್ದೂ ಅಲ್ಲ, ಜಗತ್ತಿನ ಪುಸ್ತಕಗಳಿಗೆಂದೇ ಮೀಸಲಾದ ಸಂಖ್ಯೆ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಇಲ್ಲಿಯ ಜನ ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಫಲಕ ಓದಿದ ಮಾತ್ರಕ್ಕೆ ಒಳಗಿನದು ತಿಳಿಯುವುದಿಲ್ಲ ಎಂಬುದನ್ನು ಭಾಲ್ಕಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಆಮದಾದ ಪೊಟ್ಟಣವಾದರೆ ಯಾವ ದೇಶದ್ದೆಂದು ಅಕ್ಷರಗಳಲ್ಲೇ ಬರೆದಿರಬೇಕೆಂಬ ನಿಯಮವಿದೆ, ಓದಬೇಕಾದದ್ದು ಅದನ್ನು.

ಈ ವ್ಯತ್ಯಾಸ ನಮ್ಮ ಜಿಲ್ಲೆಗೆ ಮುಖ್ಯವಾಗುವುದು ಬಿದರಿ ಕಲೆಯ ವಿಷಯದಲ್ಲಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಚಿತ್ತಾರದಲ್ಲಿ ಬೆಳ್ಳಿ ಕೂರಿಸಿ, ಬೀದರ ಕೋಟೆಯ ಮಣ್ಣು ಮತ್ತು ನವಸಾಗರದಿಂದ ತಿಕ್ಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತದೆ. ಅಂಥದೊಂದು ಹೂದಾನಿಗೂ ಅದನ್ನು ಹೋಲುವ ನಕಲಿಗೂ ಬಾರ್‌ಕೋಡ್ ಅಂಟಿಸಬಹುದು. ಯಂತ್ರ ಎರಡನ್ನೂ ಒಂದೇ ನಿಷ್ಠೆಯಿಂದ ಓದುತ್ತದೆ. ಊರಿನ ಹೆಸರನ್ನು ಕಾಯುವ ಗುರುತು ಬೇರೆ. ಅದು ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ. 1999ರ ಕಾಯ್ದೆಯಡಿ ಬಿದರಿಗೆ ಅದು 2006ರಲ್ಲಿ ದೊರೆಯಿತು. ಬೇರೆಡೆ ತಯಾರಿಸಿದ್ದನ್ನು ಬಿದರಿ ಎಂದು ಮಾರುವವರನ್ನು ಕಾನೂನಿನ ಮುಂದೆ ನಿಲ್ಲಿಸಲು ಇಲ್ಲಿಯ ಕುಶಲಕರ್ಮಿಗಳಿಗೆ ಆಧಾರ ಅದೇ.

ಬಾರ್‌ಕೋಡ್ ಅಂಗಡಿಯವನ ಕೆಲಸ ಹಗುರ ಮಾಡಲು ಬಂದದ್ದು. ಆ ಕೆಲಸವನ್ನು ಅದು ಚೊಕ್ಕವಾಗಿ ಮಾಡುತ್ತಿದೆ. ಬೆಲೆ ಯಾವುದು, ಊರು ಯಾವುದು, ದುಡಿದ ಕೈ ಯಾರದು ಎಂದು ವಿಚಾರಿಸುವ ಕೆಲಸ ಮಾತ್ರ ಕೊಳ್ಳುವವನದೇ.